ಐದು ಖಾಲಿ ಮನೆ

ಅವಳು ಮುಂದಿನ ಸಾಲಿನಿಂದ ಶುರುಮಾಡಿದಳು. ಇಪ್ಪತ್ತೆರಡು ವರ್ಷದಿಂದ ಹಿಂದಿನ ಸಾಲಿನಿಂದಲೇ ವಾದ್ಯದವರ ಸ್ವರದ ಹಾಳೆಗಳನ್ನು ಎತ್ತುತ್ತ ಬಂದವಳು ಇವತ್ತು ಯಾಕೆ ಹೀಗೆ ಎಂದು ಕೇಳಲು ವೇದಿಕೆಯ ಮೇಲೆ ಯಾರೂ ಇರಲಿಲ್ಲ. ನಿನ್ನೆ ಸಂಜೆ ಸಂಗೀತ ಕಛೇರಿ ಮುಗಿದ ಕೂಡಲೇ ಎತ್ತಿಡಬೇಕಾಗಿದ್ದ ಹಾಳೆಗಳು. ತಲೆನೋವು ಎಂದು ದೀಪದವನಿಗೆ ಹೇಳಿ ಹಾಗೆಯೇ ಬಿಟ್ಟು ಹೋಗಿದ್ದಳು. ತಲೆನೋವೇನೂ ಇರಲಿಲ್ಲ. ಏನೂ ಇರಲಿಲ್ಲ. ಬಸ್ಸು ಹತ್ತಿ, ಇಳಿದು, ಮಗಳಿಗೆ ಊಟ ಬಡಿಸಿ, ತಾನೂ ಉಂಡು ಮಲಗಿದ್ದಳು. ಮಲಗಿದ ಕೂಡಲೇ ನಿದ್ದೆಯೂ ಬಂದಿತ್ತು. ಈಗ ನಾಚಿಕೆಯೆನಿಸಿದ್ದು ಅದೇ. ತಪ್ಪು ಮಾಡಿದವರಿಗೆ ನಿದ್ದೆ ಹತ್ತುವುದಿಲ್ಲ ಎಂಬ ಮಾತನ್ನು ಕೇಳುತ್ತ ಬೆಳೆದವಳಿಗೆ ಕಲ್ಲು ಬಿದ್ದ ಹಾಗೆ ನಿದ್ದೆ. ಒಂದೊಂದು ಸ್ಟ್ಯಾಂಡಿನಿಂದಲೂ ಎರಡೆರಡು ಕಟ್ಟು ಎತ್ತಬೇಕು: ಹೊಸ ಕೃತಿಯದು ಒಂದು, ಇನ್ನೂ ಅಚ್ಚಿನ ಯಂತ್ರದ ವಾಸನೆ ಹೋಗದ್ದು, ಹಳೆಯದರದು ಒಂದು, ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾದದ್ದು. ಮೊದಲ ಪಿಟೀಲುಗಳು ಮುಗಿದವು. ಎರಡನೆಯ ಪಿಟೀಲುಗಳ ಸಾಲಿಗೆ ಬಂದಾಗ ಅವಳು ನಡುವೆಯೇ ಹೊರಳಿ ಕೊಳಲಿನವರ ಕಡೆಗೆ ಹೋದಳು. ಬೇಡದ ತುತ್ತನ್ನು ತಟ್ಟೆಯ ಅಂಚಿಗೆ ಸರಿಸುವ ಮಕ್ಕಳ ಹಾಗೆ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಹದಿಮೂರು ಜನ ಎರಡನೆಯ ಪಿಟೀಲಿನವರು ಜೋಡಿ ಜೋಡಿಯಾಗಿ ಕೂತ ಮೇಲೆ ಕೊನೆಗೆ ಒಂಟಿಯಾಗಿ ಉಳಿಯುವ ಕುರ್ಚಿ, ಅದರ ಮುಂದಿನ ಸ್ಟ್ಯಾಂಡು, ಅದರ ಮೇಲಿನ ಕಟ್ಟು ಹಾಗೆಯೇ ಉಳಿದವು.

ಈ ವರ್ಷದ ಕಛೇರಿ ಸರಣಿಯೇ ಹಾಗಿತ್ತು. ಎಂಟು ಕಾರ್ಯಕ್ರಮ, ಒಂದೊಂದೂ ಎರಡು ಸಂಜೆ. ವಿರಾಮಕ್ಕೆ ಮೊದಲು ಯಾರ ಕಿವಿಗೂ ಬೀಳದ, ಶಾಯಿ ಆರದ ಹೊಸ ಕೃತಿ. ವಿರಾಮದ ನಂತರ ಎಲ್ಲರ ಕಿವಿಯಲ್ಲೂ ಮನೆಮಾಡಿರುವ ಹಳೆಯ ಮೇರುಕೃತಿ. ಈ ಜೋಡಣೆ ವೃಂದವನ್ನು ನಡೆಸುವ ಕಡ್ಡಿ ಮೇಷ್ಟ್ರದ್ದು. ಕೈಯಲ್ಲಿ ಕಡ್ಡಿ ಹಿಡಿದು ನಿಲ್ಲುವುದರಿಂದ ಆ ಹೆಸರು. ಅವರಿಗಿಂತ ಮೊದಲು ಇದ್ದವರಿಗೂ ಅದೇ ಹೆಸರಿತ್ತು. ಸರಣಿಯ ಮೊದಲ ಸಭೆಯಲ್ಲಿ ಅವರು ಮೆಲ್ಲಗೆ, ಯಾರನ್ನೂ ನೋಡದೆ, "ಹಳೇದನ್ನೂ ಇವತ್ತೇ ಬರೆದ ಹಾಗೆ ನುಡಿಸ್ಬೇಕು. ಹಾಳೆ ಮೇಲೆ ಅರವತ್ತು ವರ್ಷದ ಪೆನ್ಸಿಲ್ ಗೀಚು ಇಟ್ಕೊಂಡು ಅದು ಆಗಲ್ಲ. ಎಲ್ಲಾ ಅಳಿಸಿಬಿಡಿ," ಎಂದಿದ್ದರು. ಎಲ್ಲರೂ ಅವಳ ಕಡೆ ನೋಡಿದ್ದರು. ಹಾಳೆ ಕೋಣೆ ಅವಳದು. ಎರಡು ತಿಂಗಳು ಅವಳು ಅಳಿಸಿದಳು. ಪಿಟೀಲಿನ ಬಿಲ್ಲು ಮೇಲಕ್ಕೆ, ಬಿಲ್ಲು ಕೆಳಕ್ಕೆ ಎಂಬ ಗುರುತುಗಳು. ಇಲ್ಲಿ ಹುಷಾರು ಎಂದು ಹೇಳಲು ಬರೆಯುವ ಪುಟ್ಟ ಕನ್ನಡಕಗಳು. 'ಇಲ್ಲಿ ಕೆಮ್ಮಿದರೆ ಕೊಲ್ಲುತ್ತೇನೆ.' 'ಹಸಿವು.' 'ಇವತ್ತು ಹೆಂಡತಿ ಮೂರನೇ ಸಾಲಿನಲ್ಲಿ.' ಸತ್ತವರು, ನಿವೃತ್ತರಾದವರು, ಜಗಳವಾಡಿ ಬಿಟ್ಟುಹೋದವರು, ಎಲ್ಲರೂ ರಬ್ಬರಿನ ಬೂದು ಹುಳಗಳಾಗಿ ಅವಳ ಮಡಿಲಿಗೆ ಉದುರಿದರು. ಸಂಜೆ ಎದ್ದು ಕೊಡವಿದರೆ ನೆಲದ ಮೇಲೆ ಒಂದು ಹಿಡಿ. ಈ ಕೆಲಸಕ್ಕೆ ಒಂದೇ ಒಂದು ನಿಯಮವಿದೆ, ಹಾಳೆ ಕೋಣೆಗೆ ಸೇರಿದ ಮೊದಲ ದಿನವೇ ಕಲಿಸುವಂಥದ್ದು: ಚೇಷ್ಟೆಯನ್ನು ಅಳಿಸು, ಗುರುತನ್ನು ಅಳಿಸು, ಆದರೆ ತಿದ್ದುಪಡಿಯನ್ನು ಅಳಿಸಬೇಡ. ಹಾಳೆಯಲ್ಲಿ ತಪ್ಪಿದ್ದು, ಯಾರೋ ಅದನ್ನು ಪೆನ್ಸಿಲ್ಲಿನಲ್ಲಿ ಸರಿಮಾಡಿದ್ದರೆ, ಮೂಲ ತೆಗೆದು ಹೋಲಿಸಿ ನೋಡಿ, ಅದನ್ನು ಶಾಯಿಯಲ್ಲಿ ಬರೆ.

"ಹಿಂದಿನ ಸಾಲು ಬಿಟ್ಯಲ್ಲೇ."

ಗುಂಯ್ ಮಾಮ. ಆಳೆತ್ತರದ ದೊಡ್ಡ ಪಿಟೀಲನ್ನು ನಿಂತೇ ನುಡಿಸುವವನು, ಅಪ್ಪನ ಗೆಳೆಯ, ಅವಳಿಗೆ ನೆನಪಿರುವಾಗಿನಿಂದಲೂ ಮಾಮ. ಬರುವ ವರ್ಷ ನಿವೃತ್ತಿ. ವಾದ್ಯ ಇಲ್ಲದಿದ್ದಾಗ ಅವನ ಎಡಗೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಏನನ್ನೋ ಹಿಡಿದುಕೊಂಡಿರುತ್ತಿತ್ತು.

"ಎತ್ತಾ ಇದೀನಿ ಮಾಮ."

"ನಿನ್ನೆ ಏನು ತಮಾಷೆ ನೋಡು. ಮೊದಲರ್ಧ ಮೂವತ್ತು ನಿಮಿಷ ಎಲ್ಲರೂ ಸೇರ್ಕೊಂಡು ಬೇಕಾದ ಹಾಗೆ ಕಿರುಚಿದ್ವಿ, ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಎರಡನೇ ಅರ್ಧದಲ್ಲಿ ಕೊನೇ ಕುರ್ಚಿಯ ಆ ಹುಡುಗಿ ಒಂದೇ ಒಂದು ಸ್ವರ ಬೇಗ ಬಂದ್ಲು. ಊರಿಗೆಲ್ಲ ಕೇಳಿಸ್ತು." ಅವನು ನಕ್ಕ. ಆಮೇಲೆ ನಗೆ ಅರ್ಧಕ್ಕೆ ನಿಂತಿತು. "ಅದೇ ಜಾಗ. ನಿಮ್ಮಪ್ಪ ಬಂದಿದ್ದೂ ಅಲ್ಲೇ. ಆ ಕುರ್ಚಿಗೇ ಏನೋ ಅಂಟಿದೆ ಕಣೇ."

ಅವಳು ಹೂಂ ಎಂದಳು. ಬೆಳಿಗ್ಗೆ ಮಗಳಿಗೂ ಹೀಗೆಯೇ ಹೂಂ ಎಂದಿದ್ದಳು. ಹನ್ನೊಂದು ವರ್ಷದ ಮಗಳು ಗಣಿತದ ಪುಸ್ತಕವನ್ನು ಅವಳ ಚಹಾದ ಲೋಟಕ್ಕೆ ತಾಗುವಂತೆ ಇಟ್ಟು, "ನೋಡು, ತಪ್ಪು ಅಂತ ಬಂದಿದೆ. ನೀನೇ ನೋಡಿ ಸರಿ ಇದೆ ಅಂದೆ," ಎಂದಳು. ಹೂಂ. "ಟೀಚರ್‌ಗೆ ಹೇಳಿದೀನಿ, ನಮ್ಮಮ್ಮ ತಪ್ಪು ಹೇಳ್ಕೊಟ್ಟಿದ್ದು ಅಂತ." ಹೂಂ. "ಬರೀ ಹೂಂ ಅಂತೀಯಲ್ಲ." ಆ ಮಗು ಅಷ್ಟು ಸಲೀಸಾಗಿ, ಒಂದು ಚೀಲ ಇಳಿಸಿದ ಹಾಗೆ, ತಪ್ಪನ್ನು ಅದರ ಯಜಮಾನರ ಮುಂದೆ ಇಳಿಸಿ ಶಾಲೆಗೆ ಹೊರಟುಹೋಗಿತ್ತು. ಅವಳು ತಣ್ಣಗಾದ ಚಹಾ ಕುಡಿದು ಬಸ್ಸು ಹಿಡಿದಿದ್ದಳು.

ಅವಳಿಗೂ ಆಗ ಹನ್ನೊಂದೇ. ವೇದಿಕೆಯ ಪಕ್ಕಕ್ಕೇ ಚಾಚಿದ ಸಭಾಂಗಣದ ಮಾಳಿಗೆಯ ಸಾಲಿನಲ್ಲಿ ಅವಳೂ ಅವಳ ಶಾಲೆಯ ಗೆಳತಿಯೂ ಕಾಲು ಅಲ್ಲಾಡಿಸುತ್ತ ಕೂತಿದ್ದರು. ಕೆಳಗೆ ಅಪ್ಪ ಹಿಂದಿನ ಸಾಲಿನ ಒಂಟಿ ಕುರ್ಚಿಯಲ್ಲಿ, ಬೋಳಾಗತೊಡಗಿದ್ದ ನೆತ್ತಿ ಮಾತ್ರ ಕಾಣುವಂತೆ. ನಿಧಾನದ ಭಾಗ. ಓಬೋ ಎಂಬ ಊದುವ ವಾದ್ಯವೊಂದೇ ನುಡಿಯುತ್ತಿತ್ತು. ಬಿಸಿಲಿನಲ್ಲಿ ಯಾರೋ ನೂಲು ಎಳೆಯುತ್ತಿದ್ದ ಹಾಗೆ. ಉಳಿದವರೆಲ್ಲ ಸುಮ್ಮನೆ ಕಾಯಬೇಕು. ಆ ನೂಲಿನ ಮೇಲೆ ಇದ್ದಕ್ಕಿದ್ದಂತೆ ಒಂದು ಪಿಟೀಲು, ಒಂಟಿ, ಬೆತ್ತಲೆ. ಅರ್ಧ ಕ್ಷಣ. ಅಷ್ಟರಲ್ಲೇ ಅದು ತನ್ನ ಬಾಯಿ ತಾನೇ ಮುಚ್ಚಿಕೊಂಡಿತು. ಮುಂದಿನ ಸಾಲಿನ ಯಾರೋ ತಿರುಗಿ ನೋಡಿದರು. ಆಗಿನ ಕಡ್ಡಿ ಮೇಷ್ಟ್ರು ತಿರುಗಿ ನೋಡಲಿಲ್ಲ, ಹುಬ್ಬು ಮಾತ್ರ ಎತ್ತಿದರು. ಎತ್ತಿದ ಹುಬ್ಬು ಮಾಳಿಗೆಗೂ ಕಾಣಿಸಿತು. ಗೆಳತಿ ಬಾಯಿಗೆ ಕೈ ಇಟ್ಟು ನಗುತ್ತ, "ಯಾರೇ ಅದು?" ಎಂದಳು. "ಗೊತ್ತಿಲ್ಲ," ಎಂದಿದ್ದಳು ಅವಳು. ಅವಳೂ ನಕ್ಕಿದ್ದಳು. ಮನೆಗೆ ಬಂದ ಅಪ್ಪ ಅಮ್ಮನಿಗೆ, "ಎಣಿಕೆ ತಪ್ಪಿದೆ ಕಣೆ," ಎಂದು ಅಷ್ಟೇ ಹೇಳಿ ಶೂ ಬಿಚ್ಚುತ್ತ ಕೂತರು. ಲೇಸು ಗಂಟಾಗಿತ್ತು. ಬಹಳ ಹೊತ್ತು ಬಿಚ್ಚಿದರು. ಮಾರನೆಯ ಸಂಜೆ ಅದೇ ಕಾರ್ಯಕ್ರಮ ಎರಡನೆಯ ಸಲ ಇತ್ತು. ಅವಳು ಹೊಟ್ಟೆನೋವು ಎಂದು ಹೋಗಲಿಲ್ಲ. ಆಮೇಲೆ ಹತ್ತು ವರ್ಷ ಅಪ್ಪ ಅದೇ ಕುರ್ಚಿಯಲ್ಲಿ ಕೂತು ನಿವೃತ್ತರಾದರು. ಅವರ ಹಿಂದೆ ಬಂದವರು ಮುಂದೆ ಹೋದರು. 'ಎಣಿಕೆ' ಎಂದು ಅವರಿಗೊಂದು ಅಡ್ಡಹೆಸರಿತ್ತು ಎಂಬುದು ಅವಳಿಗೆ ತಿಳಿದದ್ದು ತಾನೇ ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಯಾರೋ, ಅವಳು ಯಾರ ಮಗಳೆಂದು ತಿಳಿಯದೆ, ಹೇಳಿದ್ದರು.

"ಆ ಹುಡುಗೀನ ಇವತ್ತು ಬೇಡ ಅಂದಿದ್ದಾರಂತೆ," ಗುಂಯ್ ಮಾಮ ಹೇಳಿದ. "ಪಾಪ. ಸರಣಿ ಮುಗಿಯೋ ಹೊತ್ತಿಗೆ ಕಾಯಂ ಮಾಡ್ಕೋತೀವಿ ಅಂತಿದ್ರು."

ಅವನು ಹೋದ ಮೇಲೆ ಅವಳು ಕೊನೆಯ ಸ್ಟ್ಯಾಂಡಿನ ಹತ್ತಿರ ಹೋದಳು. ಹಾಳೆಯನ್ನು ತೆರೆಯುವ ಅಗತ್ಯವೇನೂ ಇರಲಿಲ್ಲ. ಮೂರನೆಯ ಪುಟದ ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಏನಿದೆ ಎಂಬುದು ಎರಡು ವಾರದಿಂದ ಅವಳಿಗೆ ಗೊತ್ತಿತ್ತು. ಉಳಿದ ಹಾಳೆಗಳೆಲ್ಲ ಅಚ್ಚಾದವು, ಇದೊಂದು ಕೈಬರಹದ್ದು. ಹಳೆಯದು ಛಾವಣಿ ಸೋರಿ ಹಾಳಾದಾಗ, ಒಳ್ಳೆಯ ಕೈಬರಹ ಇದ್ದದ್ದರಿಂದ ಅಪ್ಪನಿಗೆ ನಕಲು ಮಾಡಲು ಕೊಟ್ಟಿದ್ದರು. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಎಲ್ಲ ವಾದ್ಯಗಳೂ ಒಟ್ಟಿಗಿರುವ ದಪ್ಪ ಮೂಲ ಪುಸ್ತಕವನ್ನು ಎಡಕ್ಕೆ ಒರಗಿಸಿ, ಅಪ್ಪ ಬರೆಯುತ್ತಿದ್ದರು. ಸ್ವರದ ಸಾಲನ್ನು ಗೆರೆ ಎಳೆದು ಮನೆ ಮನೆ ಮಾಡಿರುತ್ತಾರೆ. ನುಡಿಸದೆ ಸುಮ್ಮನಿರಬೇಕಾದವು ಖಾಲಿ ಮನೆ. ಖಾಲಿ ಮನೆಗಳನ್ನೆಲ್ಲ ಬಿಡಿಬಿಡಿಯಾಗಿ ಬರೆಯುವುದಿಲ್ಲ, ಒಂದು ದಪ್ಪ ಗೆರೆ ಎಳೆದು ಅದರ ಮೇಲೆ ಎಷ್ಟು ಎಂಬ ಅಂಕಿ ಬರೆದರೆ ಮುಗಿಯಿತು. ಆ ಅಂಕಿ ಬರೆಯುವುದು ಅವಳ ಕೆಲಸವಾಗಿತ್ತು. "ಪುಟ್ಟೀ, ಎಷ್ಟು ಖಾಲಿ ಮನೆ?" ಅವಳು ಮೂಲದಲ್ಲಿ ಬೆರಳಿಟ್ಟು ಎಣಿಸಿ ಹೇಳುವಳು, ಅಪ್ಪ ಲೇಖನಿಯನ್ನು ಅವಳ ಕೈಗೆ ಕೊಡುವರು. ತಪ್ಪಾದರೆ ಕೆರೆಯಲು ಅಪ್ಪನ ಬಳಿ ಒಂದು ಬ್ಲೇಡು ಇತ್ತು. ಶಾಯಿ ಇದ್ದ ಗುರುತೂ ಉಳಿಯದ ಹಾಗೆ ಕೆರೆದು, ಉಗುರಿನಿಂದ ಕಾಗದವನ್ನು ನುಣುಪು ಮಾಡುತ್ತಿದ್ದರು.

ಎರಡು ವಾರದ ಹಿಂದೆ ಅಳಿಸುತ್ತ ಅಳಿಸುತ್ತ ಆ ಸಾಲಿಗೆ ಬಂದಾಗ ಪೆನ್ಸಿಲ್ಲಿನಲ್ಲಿ ಒಂದು ಐದು ಇತ್ತು. ಅದರ ಸುತ್ತ ಒಂದು ಕನ್ನಡಕ, ಒಂದು ಗಾಜು ದೊಡ್ಡದು. ಕೈ ಅದನ್ನು ಅಳಿಸಿತು. ಕೈಗೆ ಎರಡು ತಿಂಗಳ ಅಭ್ಯಾಸ. ಅಳಿಸಿದ ಮೇಲೆ ಅಡಿಯಲ್ಲಿ ಶಾಯಿಯ ನಾಲ್ಕು ಎದ್ದು ಬಂದಿತು, ತಲೆ ಮುಚ್ಚಿ ತ್ರಿಕೋನ ಮಾಡಿದ, ಬಾಲವನ್ನು ಕೊಡೆಯ ಹಿಡಿಯ ಹಾಗೆ ತಿರುಗಿಸಿದ ನಾಲ್ಕು. ಈಗ ಅವಳು ಹಾಗೆ ಬರೆಯುವುದಿಲ್ಲ. ಆಗ ಬರೆಯುತ್ತಿದ್ದಳು. ಚಂದ ಎಂದು.

ಆ ಕ್ಷಣದಲ್ಲಿ ಅವಳು ಎದ್ದು ಹತ್ತು ಹೆಜ್ಜೆ ನಡೆದು ಕಪಾಟಿನಿಂದ ಮೂಲ ಪುಸ್ತಕ ತೆಗೆದು ನೋಡಬೇಕಿತ್ತು. ಅದೇ ನಿಯಮ. ರಬ್ಬರು ಹಿಡಿದ ಕೈ ಹಾಳೆಯ ಮೇಲೆಯೇ ಇತ್ತು. ನೋಡಿದರೆ ಐದೇ ಇರುತ್ತದೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು; ನೋಡದೆ ಇರುವವರೆಗೆ ಮಾತ್ರ ಎಣಿಕೆಯ ತಪ್ಪು ಅಪ್ಪನದಾಗಿಯೇ ಉಳಿಯುತ್ತಿತ್ತು. ಆಗ ಫೋನು ಬಂತು, ಮಗಳಿಗೆ ಜ್ವರ, ಶಾಲೆಯಿಂದ ಕರೆದುಕೊಂಡು ಹೋಗಿ ಎಂದು. ಅವಳಿಗೆ, ಹೇಳಬಾರದು, ನಿರಾಳವಾಯಿತು. ನಾಳೆ ನೋಡೋಣ ಎಂದುಕೊಂಡಳು. ಮರೆತೆ ಎಂದು ಹೇಳಿಕೊಳ್ಳಬಹುದಿತ್ತು, ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನೆನಪಾಗುತ್ತಿತ್ತು, ಇಳಿಯುವಾಗ ಇವತ್ತು ಬೇಡ ಎನಿಸುತ್ತಿತ್ತು. ಅಭ್ಯಾಸದಲ್ಲಿ ಸಿಕ್ಕಿಬೀಳುತ್ತದೆ ಎಂದುಕೊಂಡಳು. ಅಭ್ಯಾಸದ ಹೊತ್ತನ್ನೆಲ್ಲ ಹೊಸ ಕೃತಿಯೇ ತಿಂದುಹಾಕಿತು. ಹಳೆಯದು ಎಲ್ಲರಿಗೂ ಗೊತ್ತಲ್ಲ ಎಂದು ಕಡ್ಡಿ ಮೇಷ್ಟ್ರು ನಿಧಾನದ ಭಾಗದ ಮೊದಲೆರಡು ಸಾಲು ನುಡಿಸಿ ಬಿಟ್ಟರು. ನಿನ್ನೆ ಪರದೆಯ ಪಕ್ಕದಲ್ಲಿ ನಿಂತವಳು ಓಬೋ ಶುರುವಾದಾಗ ಬೆರಳು ಮಡಚಿ ಎಣಿಸತೊಡಗಿದ್ದಳು. ಒಂದು. ಎರಡು. ಆಗಲೂ ವೇದಿಕೆಯ ಮೇಲೆ ಓಡಿಹೋಗಲು ಸಾಧ್ಯವಿಲ್ಲ ಎಂಬುದು ಒಂದು ಬಗೆಯ ಸಮಾಧಾನವೇ ಆಗಿತ್ತು. ಮೂರು. ನಾಲ್ಕು. ಒಂಟಿ ಪಿಟೀಲು, ಬೆತ್ತಲೆ.

ಆ ಕಟ್ಟನ್ನೂ ಎತ್ತಿಕೊಂಡು ಹಾಳೆ ಕೋಣೆಗೆ ಬಂದರೆ ಅಲ್ಲಿ ಬದಲಿ ಅವಳಿಗಾಗಿ ಕಾಯುತ್ತಿದ್ದಳು. ಯಾರಾದರೂ ರಜೆ ಹಾಕಿದರೆ ಬದಲಿಗೆ ಬಂದು ಕೂರುವವಳು. ಸರಣಿಯುದ್ದಕ್ಕೂ ಕೂತರೂ ಹೆಸರು ಅದೇ ಉಳಿದಿತ್ತು. ಇಪ್ಪತ್ತೇಳೋ ಎಂಟೋ. ಪಿಟೀಲಿನ ಪೆಟ್ಟಿಗೆಯನ್ನು ಬೆನ್ನಿನಿಂದ ಇಳಿಸಿರಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆಂದು ಒಯ್ದಿದ್ದ ಹೊಸ ಕೃತಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು.

"ಇದು ವಾಪಸ್ಸು, ಮೇಡಂ. ಎಲ್ಲಾದ್ರೂ ಸಹಿ ಮಾಡ್ಬೇಕಾ?"

"ಬೇಡ."

ಹುಡುಗಿ ಹೊರಡಲಿಲ್ಲ. "ನಾನು ನಾಲ್ಕು ಎಣಿಸಿದೆ ಮೇಡಂ. ಕಾಲ್ಬೆರಳಲ್ಲಿ ಎಣಿಸ್ತೀನಿ ನಾನು, ಶೂ ಒಳಗೆ. ತಪ್ಪೋದೇ ಇಲ್ಲ. ರಾತ್ರಿಯೆಲ್ಲ ಮಲ್ಕೊಂಡು ಎಣಿಸಿದೆ. ನಾಲ್ಕು ಅಂದ್ರೆ ಎಷ್ಟು ಅಂತಾನೇ ಈಗ ಗೊತ್ತಾಗ್ತಿಲ್ಲ." ನಗಲು ನೋಡಿದಳು. "ಅಮ್ಮ ಹೇಳ್ತಾ ಇದ್ಲು, ಹೋಗ್ಲಿ ಬಿಡು, ಶಾಲೇಲಿ ಪಾಠ ಹೇಳು ಅಂತ. ಮೂರು ಹೊತ್ತೂ ಅದೇ. ಈಗ ಅವಳಿಗೆ ಸುಲಭ ಆಯ್ತು."

ಹೇಳಬೇಕಾದ ಮಾತು ಅವಳ ಬಾಯಲ್ಲಿತ್ತು. ಬಾಯಲ್ಲಿದ್ದದ್ದು ಹಾಗೆಯೇ ಇರಲಿ ಎಂದು ದೇಹ ಹೇಳುತ್ತಿತ್ತು. ಹುಡುಗಿಯ ಎಡಗತ್ತಿನ ಮೇಲೆ, ಪಿಟೀಲು ಒತ್ತುವ ಜಾಗದಲ್ಲಿ, ಕಂದು ಕಲೆ. ಅಪ್ಪನಿಗೂ ಇತ್ತು. ಸ್ನಾನ ಮಾಡಿಸಿ ಕೊನೆಯ ಸಲ ಮಲಗಿಸಿದಾಗ ಮುಖವೆಲ್ಲ ಬೇರೆಯವರದಾಗಿ, ಆ ಕಲೆಯೊಂದೇ ಅಪ್ಪನದಾಗಿತ್ತು. ಅವಳು ಆಗಲೂ ಅತ್ತಿರಲಿಲ್ಲ. ಎಲ್ಲರೂ ಗಟ್ಟಿಗಿತ್ತಿ ಎಂದರು.

"ಕೂತ್ಕೊ," ಎಂದಳು. ಕಪಾಟಿನ ಬಳಿ ಹೋದಳು. ಹತ್ತಲ್ಲ, ಏಳೇ ಹೆಜ್ಜೆ. ದಪ್ಪ ಮೂಲ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು ನಿಧಾನದ ಭಾಗವನ್ನು ತೆಗೆದಳು. ಎಡಪುಟ, ಬಲಪುಟ. ಬಲಪುಟದ ಕೊನೆಯಲ್ಲಿ ಎರಡನೆಯ ಪಿಟೀಲಿನ ಸಾಲಿನಲ್ಲಿ ಖಾಲಿ ಮನೆಗಳು: ಒಂದು, ಎರಡು, ಮೂರು, ನಾಲ್ಕು. ಪುಟ ಮುಗಿಯಿತು. ಹಾಳೆಯ ಮೂಲೆಯಲ್ಲಿ ಮಸುಕಾದ ಒಂದು ಶಾಯಿಯ ಬೆರಳಚ್ಚು, ಚಿಕ್ಕದು. ಅವಳು ಪುಟ ತಿರುಗಿಸಿದಳು. ಮುಂದಿನ ಪುಟದ ಮೊದಲ ಮನೆಯೂ ಖಾಲಿ. ಐದು.

ಪುಟ ತಿರುಗಿಸಿರಲಿಲ್ಲ, ಅಷ್ಟೇ. ಹನ್ನೊಂದು ವರ್ಷದ ಬೆರಳು ಪುಟದ ಅಂಚಿಗೆ ಬಂದು ನಿಂತಿತ್ತು; ನಾಲ್ಕು ಅಪ್ಪಾ, ಎಂದಿತ್ತು. ಅಪ್ಪ ನಂಬಿ ಲೇಖನಿ ಕೊಟ್ಟಿದ್ದರು. ಮನೆಯಲ್ಲೇ ಬರೆದ ಹಾಳೆಯನ್ನು ನಂಬಿ ನುಡಿಸಿದ್ದರು. ಆಮೇಲೆ ಯಾವಾಗಲೋ, ಬಹುಶಃ ಮರುದಿನವೇ, ಇದೇ ಕೋಣೆಯಲ್ಲಿ ನಿಂತು ಈ ಪುಟ ತಿರುಗಿಸಿದ್ದರು. ಬ್ಲೇಡಿನಿಂದ ಕೆರೆಯಬಹುದಿತ್ತು. ಕೆರೆಯದೆ ಮೇಲೆ ಪೆನ್ಸಿಲ್ಲಿನಲ್ಲಿ ಐದು ಬರೆದು ಕನ್ನಡಕ ಹಾಕಿದ್ದರು. ಯಾಕೆ ಕೆರೆಯಲಿಲ್ಲ? ಕೈಯಲ್ಲಿ ಪೆನ್ಸಿಲು ಮಾತ್ರ ಇತ್ತೋ, ಆ ನಾಲ್ಕು ಚಂದ ಕಂಡಿತೋ. ಅಷ್ಟೂ ವರ್ಷದಲ್ಲಿ ಒಂದು ದಿನ, ಒಂದು ಊಟದ ಹೊತ್ತಿಗಾದರೂ ಹೇಳಬಹುದಿತ್ತು. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರಬೇಕೆನಿಸಿತು. ಬರಲಿಲ್ಲ.

"ನೀನು ಸರಿಯಾಗೇ ಎಣಿಸಿದೀಯ," ಎಂದಳು. "ಹಾಳೆ ತಪ್ಪು."

ಹುಡುಗಿ ಪುಸ್ತಕವನ್ನೂ ಹಾಳೆಯನ್ನೂ ನೋಡಿದಳು. ಪುಟ ಹಿಂದಕ್ಕೆ ಮುಂದಕ್ಕೆ ತಿರುಗಿಸಿದಳು. ಅಳುತ್ತಾಳೆ ಎಂದುಕೊಂಡರೆ ಅಳಲಿಲ್ಲ. ಪಿಟೀಲಿನ ಪೆಟ್ಟಿಗೆಯನ್ನು ಬೆನ್ನಿನಿಂದ ಇಳಿಸಿ ನೆಲದ ಮೇಲಿಟ್ಟಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಎರಡು ವಾರದಿಂದ."

"ಒಳ್ಳೇದು ಮೇಡಂ," ಎಂದಳು ಹುಡುಗಿ. ಬೈದಿದ್ದರೆ ಕೇಳಿಸಿಕೊಳ್ಳಬಹುದಿತ್ತು.

ಕಡ್ಡಿ ಮೇಷ್ಟ್ರ ಕೋಣೆಯಲ್ಲಿ ಹೊಸ ಕೃತಿಯ ರಚನೆಕಾರನೂ ಇದ್ದ, ಕತ್ತಿಗೆ ಮಫ್ಲರು ಸುತ್ತಿದ ತೆಳ್ಳನೆಯ ಮನುಷ್ಯ. ಅವನ ತೊಡೆಯ ಮೇಲೆ ಮೂರು ಪತ್ರಿಕೆ. ಅವಳು ಬಾಗಿಲಲ್ಲೇ ನಿಂತು ಹೇಳಿದಳು. ಹಾಳೆಯಲ್ಲಿ ನಾಲ್ಕು ಇದೆ, ಮೂಲದಲ್ಲಿ ಐದು, ಮೇಲೆ ತಿದ್ದುಪಡಿ ಇತ್ತು, ತಾನು ಅಳಿಸಿದೆ, ಗೊತ್ತಿದ್ದೂ ಹೋಲಿಸಿ ನೋಡಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ಕಡ್ಡಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅಳಿಸಿ ಅಂತ ಹೇಳಿದ್ದು ನಾನು. ಸರಿ. ತಿದ್ದಿದ್ದನ್ನ ಬಿಡಿ ಅಂತಾನೂ ನಾನೇ ಹೇಳ್ಬೇಕಿತ್ತಾ?"

"ಇಲ್ಲ."

"ಇಪ್ಪತ್ತೆರಡು ವರ್ಷ ಆಯ್ತಲ್ಲ ನೀವು ಬಂದು." ದನಿ ಏರಿರಲಿಲ್ಲ, ಅದೇ ಮುಖಕ್ಕೆ ಹೊಡೆದಂತಿತ್ತು. ಮಫ್ಲರಿನವನು ಪತ್ರಿಕೆಯ ಒಳಗೆ ಮುಖ ಇಟ್ಟುಕೊಂಡ. "ಯಾರು ನಕಲು ಮಾಡಿದ್ದು ಆ ಹಾಳೆ?"

ಅಪ್ಪನ ಹೆಸರು ಹೇಳಬಹುದಿತ್ತು. ಕೆಳಗೆ ಸಹಿಯೂ ಅಪ್ಪನದೇ ಇತ್ತು. ಇಲ್ಲಿ ಯಾರೂ ಅನುಮಾನ ಪಡುತ್ತಿರಲಿಲ್ಲ. ಯಾವ ಕಾಲದವರದೋ ತಪ್ಪು ಎಂದು ಅಲ್ಲಿಗೇ ಮುಗಿಸುತ್ತಿದ್ದರು.

"ಸ್ವರ ನಮ್ಮಪ್ಪ ಬರೆದಿದ್ದು. ಅಂಕಿ ನಾನು."

"ನೀವಾ?"

"ಹನ್ನೊಂದು ವರ್ಷ ಆಗ. ಪುಟ ತಿರುಗಿಸಿ ನೋಡ್ಲಿಲ್ಲ. ಆಗ ಅಪ್ಪ ಎಣಿಕೆ ತಪ್ಪಲಿಲ್ಲ. ನಾನು ತಪ್ಪಿದ್ದು." ಇದು ಅರ್ಥವಾಗಲು ಕೋಣೆಯಲ್ಲಿದ್ದ ಇಬ್ಬರಿಗೂ ಅಪ್ಪ ಯಾರೆಂದು ಗೊತ್ತಿರಬೇಕಾಗಿತ್ತು. ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ನೋಡಿದವರಲ್ಲಿ ಇಲ್ಲಿ ಉಳಿದದ್ದು ಗುಂಯ್ ಮಾಮ ಒಬ್ಬನೇ. ಕಡ್ಡಿ ಮೇಷ್ಟ್ರು ಏನೂ ಅರ್ಥವಾಗದವರ ಹಾಗೆ, ಆದರೆ ಸಭ್ಯವಾಗಿ, ತಲೆ ಆಡಿಸಿದರು.

"ಆಗ್ಲಿ. ಐದು ಅಂತ ಬರೀರಿ. ಇವತ್ತಿಗೆ ಬೇರೆಯವರಿಗೆ ಹೇಳಿಬಿಟ್ಟಿದೀನಿ."

"ಅವರಿಗೆ ಬೇಡ ಅಂತ ನಾನು ಫೋನ್ ಮಾಡ್ತೀನಿ. ಈ ಹುಡುಗಿ ಕೆಳಗೆ ಕೂತಿದ್ದಾಳೆ." ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಕದಲಬಾರದೆಂದು ನಿಂತದ್ದಲ್ಲ, ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಅದು ಧೈರ್ಯದ ಹಾಗೆ ಕಂಡಿರಬೇಕು.

"ಮಾಡಿ," ಎಂದರು ಕಡ್ಡಿ ಮೇಷ್ಟ್ರು ಕೊನೆಗೆ. "ಸರಣಿ ಮುಗಿದ ಮೇಲೆ ನಿಮ್ಮ ವಿಷಯ ಮಾತಾಡೋಣ."

ಗುಂಯ್ ಮಾಮ ಮೆಟ್ಟಿಲ ಬಳಿ ಸಿಗರೇಟು ಸೇದುತ್ತ ನಿಂತಿದ್ದ. ಅವಳು ಅವನಿಗೂ ಹೇಳಿದಳು. ಅವನು ಸಿಗರೇಟನ್ನು ಮೆಟ್ಟಿಲಿಗೆ ಒತ್ತಿ ಆರಿಸಿದ. "ಆ ಎರಡನೇ ಸಂಜೆ," ಎಂದ, "ನುಡಿಸಿ ಆದ್ಮೇಲೆ ನನ್ನ ಕಡೆ ತಿರುಗಿ ಕಣ್ಣು ಹೊಡೆದಿದ್ದ ನಿಮ್ಮಪ್ಪ. ಯಾಕೆ ಅಂತ ಕೇಳ್ಬೇಕು ಅಂದ್ಕೊಂಡೆ. ಕೇಳ್ಲಿಲ್ಲ ನೋಡು."

ಹಾಳೆಯ ಮೇಲೆ ಅವಳು ಐದನ್ನು ಶಾಯಿಯಲ್ಲಿ ಬರೆಯಬೇಕಿತ್ತು. ನಾಲ್ಕನ್ನು ಕೆರೆಯಬೇಕಿತ್ತು. ಬ್ಲೇಡು ಕೈಯಲ್ಲಿತ್ತು. ಪೆನ್ಸಿಲು ತೆಗೆದುಕೊಂಡು, ನಾಲ್ಕರ ಮೇಲೆ, ಅಪ್ಪನ ಐದು ಒತ್ತಿದ ಹಳ್ಳ ಇನ್ನೂ ಕಾಗದದಲ್ಲಿ ಉಳಿದಿದ್ದ ಜಾಗದಲ್ಲಿಯೇ ಐದು ಎಂದು ಬರೆದಳು. ಪೆನ್ಸಿಲ್ಲಿನ ಮೊನೆ ಹಳ್ಳಕ್ಕೆ ತಾನಾಗಿ ಇಳಿಯಿತು.

ಸಂಜೆ ಮಗಳನ್ನು ಕರೆದುಕೊಂಡು ಬಂದಿದ್ದಳು; ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೇ ಕಾರಣ. ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೊಸ ಕೃತಿ ಮುಗಿಯುವವರೆಗೂ ಮಗಳು ಆಕಳಿಸಿದಳು. "ಇದು ತಪ್ಪಾ ಸರೀನಾ ಅಂತ ಹೇಗಮ್ಮ ಗೊತ್ತಾಗುತ್ತೆ?" ಎಂದು ಒಮ್ಮೆ ಕೇಳಿದಳು. "ಬರೆದವನಿಗೆ ಗೊತ್ತಿರುತ್ತೆ," ಎಂದಳು ಅವಳು. ವಿರಾಮ ಕಳೆಯಿತು. ನಿಧಾನದ ಭಾಗ ಬಂತು. ಹಿಂದಿನ ಸಾಲಿನ ಒಂಟಿ ಕುರ್ಚಿಯಲ್ಲಿ ಬದಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು; ಬೆಳಿಗ್ಗೆಯ ಆ ಮಾತಿನ ನಂತರ ಇವಳ ಕಡೆ ಒಮ್ಮೆಯೂ ನೋಡಿರಲಿಲ್ಲ.

ಓಬೋ ನೂಲು ಎಳೆಯತೊಡಗಿತು. ಎಲ್ಲ ಬಿಲ್ಲುಗಳೂ ತೊಡೆಯ ಮೇಲೆ. ಅವಳು ಎಣಿಸಿದಳು. ಒಂದು. ಎರಡು. ಏನಾದರೂ ಆಗಬಹುದು, ಗಂಟಲಲ್ಲಿ, ಎದೆಯಲ್ಲಿ, ಎಂದು ಕಾಯುತ್ತಿದ್ದಳು, ಏನೂ ಆಗಲಿಲ್ಲ. ಮೂರು. ಹುಡುಗಿಯ ಶೂ ಕದಲಲಿಲ್ಲ. ಒಳಗೆ ಬೆರಳುಗಳು ಎಣಿಸುತ್ತಿರಬೇಕು. ನಾಲ್ಕು. ಹಿಂದಿನ ಸಾಲಿನಲ್ಲಿ ಬಿಲ್ಲು ಎದ್ದಿತು, ತಂತಿಯ ಮೇಲೆ ಒಂದು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತು. ಐದನೆಯ ಮನೆ ಬಂತು. ಅಲ್ಲಿ ಯಾರೂ ನುಡಿಸಲಿಲ್ಲ. ಅದು ಇಷ್ಟು ಉದ್ದವಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಹದಿಮೂರು ಪಿಟೀಲೂ ಒಟ್ಟಿಗೆ ಒಳಗೆ ಬಂದವು. ಎಷ್ಟು ಮೆಲ್ಲಗೆ ಎಂದರೆ ಅವುಗಳಲ್ಲಿ ಯಾವುದು ಕೊನೆಯ ಕುರ್ಚಿಯದು ಎಂದು ಹೇಳಲು ಬರುತ್ತಿರಲಿಲ್ಲ. ಆ ಎರಡನೆಯ ಸಂಜೆ ಅಪ್ಪ ನುಡಿಸಿದ್ದು ಹೀಗೆಯೇ ಇದ್ದಿರಬೇಕು.

ಮಗಳು ಅವಳ ಮಡಚಿದ ಬೆರಳುಗಳನ್ನು ನೋಡುತ್ತಿದ್ದಳು. "ಏನಮ್ಮ ಎಣಿಸ್ತಾ ಇದೀಯ?" ಎಂದು ಪಿಸುಗುಟ್ಟಿದಳು.

ಅವಳು ಹೂಂ ಎನ್ನಲಿಲ್ಲ. "ಕೊನೇ ಕುರ್ಚಿ ಕಾಣುತ್ತಾ?" ಎಂದಳು. "ಅದು ನಿಮ್ಮ ತಾತ ಕೂರ್ತಿದ್ದ ಜಾಗ."